ಎರಡು ಲಕ್ಷದ ಸ್ಪೀಕರಿನೊಳಗೆ ಇಪ್ಪತ್ತು ರೂಪಾಯಿಯ ಕೆಪಾಸಿಟರ್: ಮೋಸ ಹೋದೆನಾ?

ಪ್ರಶ್ನೆ: ನಾನು ಕಾಸರಗೋಡಿನ ನೀರ್ಚಾಲು ಹತ್ತಿರದವನು. ಹದಿನೆಂಟು ವರ್ಷ ದುಬೈಯಲ್ಲಿದ್ದೆ. 2010ರಲ್ಲಿ ಅಲ್ಲಿಯೇ ಆಸೆಪಟ್ಟು ಒಂದು ಜೊತೆ ಸ್ಪೀಕರ್ ಕೊಂಡೆ. ಯುರೋಪಿನ ಕಂಪೆನಿಯದ್ದು, ನೆಲದ ಮೇಲೆ ನಿಲ್ಲುವಂಥದ್ದು, ಸೊಂಟದಷ್ಟು ಎತ್ತರ. ಆಗಿನ ಲೆಕ್ಕಕ್ಕೆ ಎರಡು ಲಕ್ಷ ರೂಪಾಯಿ ಹತ್ತಿರ ಬಿದ್ದಿತ್ತು. ಊರಿಗೆ ಬಂದು ತಾರಸಿ ಮನೆ ಕಟ್ಟಿಸಿದಾಗ ಹಾಡು ಕೇಳಲಿಕ್ಕೆ ಅಂತಲೇ ಒಂದು ಕೋಣೆ ಇಟ್ಟೆ. 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ರೆಡ್ ಆಕ್ಸೈಡ್. ಎರಡು ಮಳೆಗಾಲ ಕಳೆದ ಮೇಲೆ ಎಡಬದಿಯ ಸ್ಪೀಕರಿನಲ್ಲಿ ಚೆಂಡೆ, ಚಕ್ರತಾಳ ಮಂಕಾಗಿ ಕೇಳುತ್ತಿದೆ. ತಾಳಮದ್ದಳೆ ಹಾಕಿದರೆ ಅರ್ಥಧಾರಿಗಳ ಸ್ವರ ಕೊಡಪಾನದೊಳಗಿಂದ ಬಂದ ಹಾಗಿದೆ. ಮಗ ಹಿಂದಿನ ಪ್ಲೇಟು ಬಿಚ್ಚಿ ನೋಡಿದ. ಒಳಗೆ ಮಾಮೂಲಿ ಕಪ್ಪು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಬಿಳಿ ಸಿಮೆಂಟ್ ರೆಸಿಸ್ಟರ್, ತೆಳ್ಳಗಿನ ವಯರ್! ಇಷ್ಟು ದುಡ್ಡು ಕೊಟ್ಟದ್ದು ಇದಕ್ಕಾ ಅಂತ ಹೊಟ್ಟೆ ಉರಿಯಿತು. ಬೆಂಗಳೂರಿನ ಒಬ್ಬರು ಅದನ್ನೆಲ್ಲ ಕಿತ್ತು ಒಳ್ಳೆಯ ಸಾಮಾನು ಹಾಕಿ ಕೊಡಲು 48 ಸಾವಿರ ಕೇಳುತ್ತಿದ್ದಾರೆ. ಮೇಲಿನ ಸ್ವರ ಹೊರಡಿಸುವ ಸಣ್ಣ ಭಾಗ ಇದೆಯಲ್ಲ, ಆ ಟ್ವೀಟರನ್ನೂ ಬದಲಿಸಿದರೆ ಇನ್ನೂ ಒಳ್ಳೆಯದಂತೆ. ಮಾಡಿಸಲೇ?

ಉತ್ತರ: 48 ಸಾವಿರ ಸದ್ಯಕ್ಕೆ ನಿಮ್ಮಲ್ಲೇ ಇರಲಿ.

ನಿಮ್ಮ ಪತ್ರದಲ್ಲಿ ಮೂರು ದೂರು ಒಂದೇ ಗಂಟಿನಲ್ಲಿ ಬಂದಿವೆ. ಎಡಬದಿ ಮಂಕಾಗಿದೆ. ಸ್ವರ ಗುಂಯ್‌ಗುಡುತ್ತದೆ. ಒಳಗಿನ ಸಾಮಾನು ನೋಡಿ ಮನಸ್ಸು ಕೆಟ್ಟಿದೆ. ಬೆಂಗಳೂರಿನವರ ಕೆಲಸ ಈ ಮೂರನೆಯದಕ್ಕೆ ಮಾತ್ರ ಮದ್ದು. ಮೊದಲಿನ ಎರಡು ಹಾಗೇ ಉಳಿಯುವ ಸಾಧ್ಯತೆ ಜಾಸ್ತಿ.

ಯಾಕೆ ಅಂತ ನೋಡಿ. ಎಡ, ಬಲ ಎರಡರಲ್ಲೂ ಇರುವುದು ಅದೇ ಕೆಪಾಸಿಟರ್, ಅದೇ ರೆಸಿಸ್ಟರ್, ಅದೇ ವಯರ್. ಅಗ್ಗದ ಸಾಮಾನೇ ಕಾರಣವಾಗಿದ್ದರೆ ಎರಡೂ ಮಂಕಾಗಬೇಕಿತ್ತು, ಅದೂ ದುಬೈಯಲ್ಲಿ ಮೊದಲ ದಿನವೇ. ಹತ್ತು ವರ್ಷಕ್ಕೂ ಹೆಚ್ಚು ಚೆನ್ನಾಗಿ ಹಾಡಿದ ಸ್ಪೀಕರ್ ಊರಿನ ಎರಡು ಮಳೆಗಾಲ ಕಂಡ ಮೇಲೆ ಒಂದೇ ಬದಿ ಮಂಕಾಯಿತು ಅಂದರೆ ಅಲ್ಲಿ ಏನೋ ಕೆಟ್ಟಿದೆ. ಕೆಟ್ಟದ್ದನ್ನು ಹುಡುಕಿ ಸರಿಮಾಡುವುದು ರಿಪೇರಿ. ಅದಕ್ಕೆ ಅಪ್‌ಗ್ರೇಡ್ ಬೇಕಾಗುವುದಿಲ್ಲ.

ಹಾಗಾಗಿ ಮೊದಲು ಎಡಬದಿಯನ್ನು ನೋಡೋಣ. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂಬದಿಯಲ್ಲಿ ಎಡ-ಬಲ ಸ್ಪೀಕರಿನ ವಯರುಗಳನ್ನು ಅದಲುಬದಲು ಮಾಡಿ. ಪ್ಲಸ್-ಮೈನಸ್ ತಪ್ಪಬಾರದು. ಈಗ ಮಂಕು ಬಲಕ್ಕೆ ಹೋಯಿತಾದರೆ ಸ್ಪೀಕರಿನದ್ದು ತಪ್ಪಿಲ್ಲ, ಆಂಪ್ಲಿಫೈಯರಿನಲ್ಲೋ ಅದರ ಹಿಂದಿನ ಕೇಬಲಿನಲ್ಲೋ ದೋಷ ಇದೆ. ಎಡದಲ್ಲೇ ಉಳಿದರೆ ವಯರುಗಳನ್ನು ಮೊದಲಿನಂತೆ ಹಾಕಿ, ಸ್ಪೀಕರುಗಳ ಜಾಗವನ್ನೇ ಅದಲುಬದಲು ಮಾಡಿ. ಕೆಲವು ಸಲ ಎಡಬದಿಯಲ್ಲಿ ದಪ್ಪ ಪರದೆಯೋ ಬಟ್ಟೆಯ ಸೋಫಾವೋ ಇರುತ್ತದೆ, ಅದೇ ಮೇಲಿನ ಸ್ವರ ನುಂಗಿಬಿಡುತ್ತದೆ. ಸುಮ್ನೆ ಸ್ಪೀಕರಿಗೆ ಕೆಟ್ಟ ಹೆಸರು. ಇಷ್ಟಾದ ಮೇಲೂ ಮಂಕು ಅದೇ ಡಬ್ಬಿಯ ಜೊತೆಗೇ ಹೋಗುತ್ತದೆ ಅಂತಾದರೆ ಪೇಪರ್ ಸುರುಳಿ ಸುತ್ತಿ ಒಂದು ತುದಿ ಟ್ವೀಟರಿನ ಎದುರು, ಇನ್ನೊಂದು ತುದಿ ಕಿವಿಗೆ ಹಿಡಿದು, ಸಣ್ಣ ಸದ್ದಿನಲ್ಲಿ ಕೇಳಿ. ಬಲಕ್ಕೂ ಎಡಕ್ಕೂ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ.

ನನ್ನ ಅಂದಾಜು ಹೇಳುತ್ತೇನೆ, ಯಾಕೆಂದರೆ ಇಂಥದ್ದು ನನ್ನ ಮೇಜಿಗೆ ವರ್ಷಕ್ಕೆ ಹಲವು ಬರುತ್ತವೆ. ಕಳೆದ ಆಟಿಯಲ್ಲಿ ಕುಂಬಳೆ ಕಡೆಯಿಂದ ಒಂದು ಜೊತೆ ಬಂತು. ದೂರು ಇದೇ: ಒಂದು ಬದಿ ಮಂಕು. ಮಾಲಕರು ಅಷ್ಟರಲ್ಲಿ ಆಂಪ್ಲಿಫೈಯರನ್ನೇ ಬದಲಿಸಿ ಆಗಿತ್ತು. ಟ್ವೀಟರಿನ ನಾಲ್ಕು ಸ್ಕ್ರೂ ಬಿಚ್ಚಿ ಹೊರಗೆ ತೆಗೆದೆ. ಅದರ ಹಿಂದೆ ಎರಡು ಚಪ್ಪಟೆ ಪಿನ್, ಅದಕ್ಕೆ ಒತ್ತಿ ಸಿಕ್ಕಿಸಿದ ಕ್ಲಿಪ್. ಕ್ಲಿಪ್ ಎಳೆದಾಗ ಅದರ ಬಾಯಿಯಲ್ಲಿ ಹಸಿರು ಪುಡಿ. ಹುಳಿ ಹಾಕಿ ತಿಕ್ಕದೆ ಬಿಟ್ಟ ಕಾಲುದೀಪದ ಬುಡದಲ್ಲಿ ಕಾಣುತ್ತದಲ್ಲ, ಅದೇ ಕಿಲುಬು. ಹಳೆಯ ಟೂತ್‌ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪಿನ್ ತಿಕ್ಕಿದೆ. ಕ್ಲಿಪ್ಪಿನ ಬಾಯಿಯನ್ನು ಇಕ್ಕುಳದಲ್ಲಿ ಒಂಚೂರು ಒತ್ತಿ ಬಿಗಿ ಮಾಡಿದೆ. ಇಪ್ಪತ್ತು ನಿಮಿಷದ ಕೆಲಸ. ಚಕ್ರತಾಳ ಮತ್ತೆ ಝಲ್ ಅಂದಿತು. ಅವರ ಮುಖದಲ್ಲಿ ಸಂತೋಷಕ್ಕಿಂತ ಆಂಪ್ಲಿಫೈಯರಿಗೆ ಹೋದ ದುಡ್ಡಿನ ಸಂಕಟವೇ ಜಾಸ್ತಿ ಇತ್ತು.

ದುಬೈಯಲ್ಲಿ ಮನೆಯೊಳಗೆ ವರ್ಷವಿಡೀ ಏಸಿ, ಗಾಳಿ ಒಣ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನ ಚಪ್ಪಲಿಗೂ ಬೂಸಲು ಬರುತ್ತದೆ. ಅದೇ ಗಾಳಿ ಸ್ಪೀಕರಿನ ಪೋರ್ಟ್ ತೂತಿನಿಂದ ಒಳಗೆ ಹೋಗಿ ಬರುತ್ತಿರುತ್ತದೆ. ಕಡಲ ಬದಿಯ ಉಪ್ಪಳ, ಮಂಜೇಶ್ವರದಲ್ಲಾದರೆ ಅದರ ಜೊತೆಗೆ ಉಪ್ಪು ಬೇರೆ. ಹಾಗಾಗಿ ನಮ್ಮ ಕಡೆ ಸ್ಪೀಕರ್ ಮಂಕಾದರೆ ನಾನು ಕೆಪಾಸಿಟರಿಗಿಂತ ಮೊದಲು ಅನುಮಾನ ಪಡುವುದು ಕ್ಲಿಪ್ಪನ್ನು.

ನಿಮ್ಮ ಮಗ ಹಿಂದಿನ ಪ್ಲೇಟು ಬಿಚ್ಚುವಷ್ಟು ಧೈರ್ಯದವನಾದ್ದರಿಂದ ಇದನ್ನೂ ಮಾಡಬಹುದು. ಒಂದೆರಡು ಎಚ್ಚರಿಕೆ ಮಾತ್ರ. ಟ್ವೀಟರಿನ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಕೈಯಿಂದ ಕಿತ್ತು ಎಳೆದುಕೊಳ್ಳುತ್ತದೆ. ಡೋಮಿನ ಮೇಲೆ, ಅಂದರೆ ಟ್ವೀಟರಿನ ಎದುರಿನ ಉಬ್ಬಿದ ತೆಳು ಪೊರೆಯ ಮೇಲೆ, ರಟ್ಟಿನ ಮುಚ್ಚಳ ಇಟ್ಟು ಟೇಪ್ ಅಂಟಿಸಿಕೊಂಡೇ ಕೆಲಸ ಶುರು ಮಾಡಲಿ. ಕಲಿಯುವ ಕಾಲದಲ್ಲಿ ನಾನು ಒಂದು ರೇಷ್ಮೆ ಡೋಮಿಗೆ ತೂತು ಮಾಡಿ, ಕೈಯಿಂದ ಹೊಸದು ಹಾಕಿಕೊಟ್ಟಿದ್ದೇನೆ. ಕ್ಲಿಪ್ ಎಳೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಲಿ. ವಯರ್ ಬಿಡಿಸಿದ ಮೇಲೆ ಟ್ವೀಟರಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿಯಲಿ. 8 ಓಮಿನದ್ದಾದರೆ ಮೀಟರ್ 5ರಿಂದ 6.5 ಓಮ್ ತೋರಿಸುವುದು ಸಹಜ. ಎಡ-ಬಲ ಎರಡೂ ಹತ್ತಿರ ಹತ್ತಿರ ಇದ್ದರೆ ಕಾಯಿಲ್, ಅಂದರೆ ಟ್ವೀಟರಿನೊಳಗಿನ ತಂತಿಯ ಸುರುಳಿ, ಸರಿಯಿದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ಆದರೆ ಹಾಗಾಗಿದ್ದರೆ ನಿಮಗೆ ಮಂಕು ಅಲ್ಲ, ಚಕ್ರತಾಳವೇ ಇಲ್ಲ ಅನ್ನಿಸಬೇಕಿತ್ತು.

ಪಿನ್ ಸ್ವಚ್ಛ, ಕಾಯಿಲ್ ಸರಿ, ಆದರೂ ಮಂಕು ಎಂದಾದರೆ ಎರಡು ಸಾಧ್ಯತೆ ಉಳಿಯುತ್ತವೆ. ಒಂದು ಫೆರೊಫ್ಲುಯಿಡ್. ಟ್ವೀಟರಿನ ಮ್ಯಾಗ್ನೆಟ್ ಸಂದಿಯಲ್ಲಿ ಕಾಯಿಲ್ ತಣ್ಣಗಿರಲಿ ಅಂತ ತುಂಬುವ ಕಪ್ಪು ಎಣ್ಣೆ ಅದು. ಎಲ್ಲ ಟ್ವೀಟರಿನಲ್ಲೂ ಇರುವುದಿಲ್ಲ. ಇದ್ದರೆ ವರ್ಷಗಳು ಕಳೆದ ಹಾಗೆ ಜೋನಿಬೆಲ್ಲದ ಹಾಗೆ ದಪ್ಪವಾಗುತ್ತದೆ, ಡೋಮ್ ಸಲೀಸಾಗಿ ಅಲುಗುವುದಿಲ್ಲ. ಹಳೆಯದನ್ನು ಹೀರಿ ತೆಗೆದು ಹೊಸದು ಹಾಕಬಹುದು, ಆದರೆ ಅದು ಕೈಪಳಗಿದವರ ಕೆಲಸ. ಇನ್ನೊಂದು, ನಿಮ್ಮ ಹೊಟ್ಟೆ ಉರಿಸಿದ ಆ ಕಪ್ಪು ಕೆಪಾಸಿಟರ್.

ಹೌದು, ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ ವಯಸ್ಸಾಗುತ್ತದೆ. ಅದರೊಳಗೆ ಒದ್ದೆ ಕಾಗದ ಇರುತ್ತದೆ. ಅದು ಒಣಗುತ್ತಾ ಬಂದ ಹಾಗೆ ಅದರ ಒಳತಡೆ ಏರುತ್ತದೆ, ಟ್ವೀಟರಿಗೆ ಹೋಗುವ ಸದ್ದು ಕುಗ್ಗುತ್ತದೆ. ಪ್ಲಾಸ್ಟಿಕ್ ಫಿಲ್ಮಿನ ಕೆಪಾಸಿಟರಿಗೆ ಈ ರೋಗ ಇಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಎರಡು ಲಕ್ಷದ ಸ್ಪೀಕರಿನಲ್ಲಿ ಟ್ವೀಟರಿಗೆ ಹೋಗುವ ದಾರಿಯಲ್ಲಾದರೂ ಫಿಲ್ಮ್ ಕೆಪಾಸಿಟರ್ ಹಾಕಬಹುದಿತ್ತು. ಹಾಕದಿದ್ದದ್ದು ಜಿಪುಣತನ. ಆದರೆ ಮೋಸ ಅಂತ ನಾನು ಹೇಳಲಾರೆ. ಅದಕ್ಕೆ ಕಾರಣ ಈ ಸಾಮಾನುಗಳು ಕೂತಿರುವ ಕ್ರಾಸ್‌ಓವರ್ ಬೋರ್ಡ್ ಕೆಲಸ ಮಾಡುವ ರೀತಿಯಲ್ಲೇ ಇದೆ.

ತೋಟದಲ್ಲಿ ಕಣಿಗೆ ಅಡ್ಡ ಮಣ್ಣು ಹಾಕಿ ನೀರನ್ನು ಈ ಸಾಲಿಗಿಷ್ಟು, ಆ ಸಾಲಿಗಿಷ್ಟು ಅಂತ ತಿರುಗಿಸುತ್ತೇವಲ್ಲ, ಕ್ರಾಸ್‌ಓವರ್ ಬೋರ್ಡ್ ಮಾಡುವುದು ಅದನ್ನೇ. ತಗ್ಗಿನ ಸ್ವರ ವೂಫರಿಗೆ, ಮೇಲಿನದು ಟ್ವೀಟರಿಗೆ. ಎಲ್ಲಿ ತಿರುಗಬೇಕು ಅನ್ನುವುದನ್ನು ನಿಶ್ಚಯಿಸುವುದು ಬಿಡಿಭಾಗದ ಅಳತೆ, ಅದರ ಕ್ರಯ ಅಲ್ಲ. ತೀರಾ ಸರಳ ಉದಾಹರಣೆ: 8 ಓಮಿನ ಟ್ವೀಟರಿಗೆ 4.7 ಮೈಕ್ರೊಫ್ಯಾರಡಿನ ಒಂದೇ ಕೆಪಾಸಿಟರ್ ಹಾಕಿದರೆ ದಾರಿ ಬದಲುವುದು ಸುಮಾರು 4,200 ಹರ್ಟ್ಜ್‌ನಲ್ಲಿ. ಅಳತೆ ಹತ್ತು ಶೇಕಡ ಕಮ್ಮಿಯಾದರೆ ಅದು 4,700ಕ್ಕೆ ಹೋಗುತ್ತದೆ. ಇಪ್ಪತ್ತು ರೂಪಾಯಿಯ ಕೆಪಾಸಿಟರ್ ಸರಿ ಅಳತೆಯದ್ದು, ಎರಡು ಸಾವಿರದ್ದು ಅಳತೆ ತಪ್ಪಿದ್ದು ಅಂತಾದರೆ ನಾನು ಹಾಕುವುದು ಇಪ್ಪತ್ತು ರೂಪಾಯಿಯದ್ದನ್ನೇ.

ಬಿಳಿ ಸಿಮೆಂಟ್ ರೆಸಿಸ್ಟರಿನ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಡಿ. ತಂತಿ ಸುತ್ತಿ ಪಿಂಗಾಣಿ ಕೊಳವೆಯೊಳಗೆ ಕೂರಿಸಿದ ಆ ಸಾಮಾನು ಬಿಸಿ ತಡೆಯುತ್ತದೆ, ಅಳತೆ ಬಿಡುವುದಿಲ್ಲ, ಅಷ್ಟು ಸಾಕು. ಒಳಗಿನ ತೆಳ್ಳಗಿನ ವಯರೂ ಹಾಗೇ. 0.75 ಚದರ ಮಿಲಿಮೀಟರಿನ ತಾಮ್ರದ ವಯರ್ ಹೋಗಿ ಬಂದು ಒಂದು ಮೀಟರ್ ಆದರೆ ಅದರ ತಡೆ ಸುಮಾರು 0.025 ಓಮ್. ಅದೇ ದಾರಿಯಲ್ಲಿ ವೂಫರಿಗೆಂದು ಬೋರ್ಡಿನ ಮೇಲೆ ಕೂರಿಸಿದ ಕಾಯಿಲಿನದ್ದೇ 0.3, 0.4 ಓಮ್ ಇರುತ್ತದೆ. ಬೆರಳು ದಪ್ಪದ ವಯರ್ ಹಾಕಿ ಏನು ಉಳಿಸಿದ ಹಾಗಾಯಿತು? ಹೊರಗಿನ ಸ್ಪೀಕರ್ ಕೇಬಲ್ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ನಿಮ್ಮ ಕೋಣೆಗೆ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರಿನ ತಾಮ್ರದ ವಯರ್ ಧಾರಾಳ ಆಯಿತು. ತುದಿ ಮಾತ್ರ ಎರಡು ವರ್ಷಕ್ಕೊಮ್ಮೆ ಕತ್ತರಿಸಿ ಹೊಸದಾಗಿ ಸುಲಿಯಿರಿ, ಕಿಲುಬಿನ ಕಾಟ ಅಲ್ಲಿಗೂ ಬರುತ್ತದೆ.

ಹಾಗಾದರೆ ಬೋರ್ಡ್ ನೋಡಿ ಒಳ್ಳೆಯದು, ಕೆಟ್ಟದ್ದು ಅಂತ ಹೇಳಲಿಕ್ಕೇ ಆಗುವುದಿಲ್ಲವಾ? ಆಗುತ್ತದೆ. ನಾನು ನೋಡುವುದು ಬೇರೆ ಕಡೆ. ಎರಡು ಕಾಯಿಲ್ ಪಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿವೆಯಾ, ಇಲ್ಲ ಒಂದಕ್ಕೊಂದು ಅಡ್ಡಲಾಗಿ ದೂರ ಇವೆಯಾ? ಪಕ್ಕದಲ್ಲೇ ಒಂದೇ ದಿಕ್ಕಿಗಿದ್ದರೆ ಒಂದರ ಸ್ವರ ಇನ್ನೊಂದಕ್ಕೆ ಸೋರುತ್ತದೆ, ಅದು ನಿಜವಾದ ಬೇಜವಾಬ್ದಾರಿ. ವೂಫರಿನ ಕಬ್ಬಿಣದ ಕಾಯಿಲ್ ಬೆಂಕಿಪೆಟ್ಟಿಗೆಯಷ್ಟು ಸಣ್ಣದಾಗಿದೆಯಾ? ಹಾಗಿದ್ದರೆ ಜೋರಾಗಿ ಹಾಕಿದಾಗ ಕಬ್ಬಿಣಕ್ಕೆ ಕಾಂತ ಹಿಡಿದಿಡಲು ಆಗದೆ ಸದ್ದು ಒರಟಾಗುತ್ತದೆ. ಭಾರದ ಬಿಡಿಭಾಗಗಳಿಗೆ ಅಂಟು ಹಾಕಿದ್ದಾರಾ? ಎಡ-ಬಲ ಬೋರ್ಡುಗಳ ಕೆಪಾಸಿಟರ್ ಅಳೆದರೆ ಒಂದಕ್ಕೊಂದು ಹೊಂದುತ್ತವಾ? ಇನ್ನು ದೊಡ್ಡ ಅಳತೆಯ ಕೆಪಾಸಿಟರ್ ಎಲೆಕ್ಟ್ರೊಲಿಟಿಕ್ ಆಗಿರುವುದಕ್ಕೆ ಬರೀ ದುಡ್ಡು ಕಾರಣವಲ್ಲ. 100 ಮೈಕ್ರೊಫ್ಯಾರಡಿನ ಫಿಲ್ಮ್ ಕೆಪಾಸಿಟರ್ ದೊಡ್ಡ ಟೀ ಲೋಟದಷ್ಟು ಇರುತ್ತದೆ. ಬೋರ್ಡಿನಲ್ಲಿ ಕೂರಿಸುವುದೆಲ್ಲಿ?

ನಿಮ್ಮ ಎರಡು ಲಕ್ಷ ಎಲ್ಲಿ ಹೋಯಿತು ಅಂತ ನೋಡಬೇಕಾದರೆ ಡಬ್ಬಿಯ ಬದಿಯನ್ನು ಗೆಣ್ಣಿನಿಂದ ತಟ್ಟಿ. ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ ಹಾಗೆ. ಟೊಳ್ಳು ಸದ್ದು ಬಾರದೆ ಟಕ್ ಅಂದರೆ ಒಳಗೆ ಅಡ್ಡಪಟ್ಟಿ ಕೊಟ್ಟು ಗಟ್ಟಿ ಮಾಡಿದ್ದಾರೆ ಅಂತ ಲೆಕ್ಕ. ದುಡ್ಡಿನ ದೊಡ್ಡ ಪಾಲು ಈ ಡಬ್ಬಿಗೆ, ವೂಫರ್ ಟ್ವೀಟರಿಗೆ, ಮೇಲಿನ ಪಾಲಿಶಿಗೆ, ಹಡಗಿನ ಬಾಡಿಗೆಗೆ, ಅಂಗಡಿಯವರ ಲಾಭಕ್ಕೆ ಹೋಗಿರುತ್ತದೆ. ಕ್ರಾಸ್‌ಓವರಿನಲ್ಲಿ ಬೆಲೆ ಇರುವುದು ಬೋರ್ಡಿಗಲ್ಲ, ಆ ಅಳತೆಗಳನ್ನು ಕಂಡುಹಿಡಿಯಲು ಒಬ್ಬ ಎಂಜಿನಿಯರ್ ತಿಂಗಳುಗಟ್ಟಲೆ ಕೂತು ಅಳೆದು ಕೇಳಿದ್ದಕ್ಕೆ. ಅದು ಪ್ಲೇಟು ಬಿಚ್ಚಿದರೆ ಕಾಣುವುದಿಲ್ಲ.

ಈಗ ನನ್ನದೇ ಒಂದು ಎಡವಟ್ಟು ಹೇಳಬೇಕು. ಕೆಲಸ ಶುರುಮಾಡಿದ ಹೊಸತರಲ್ಲಿ ನನಗೂ ಈ ಫಿಲ್ಮ್ ಕೆಪಾಸಿಟರಿನ ಹುಚ್ಚು ಹಿಡಿದಿತ್ತು. ಸ್ನೇಹಿತರೊಬ್ಬರ ಸ್ಪೀಕರ್, ಮೂರೇ ವರ್ಷದ್ದು, ಏನೂ ಕೆಟ್ಟಿರಲಿಲ್ಲ. ನಾನೇ ಒತ್ತಾಯ ಮಾಡಿ ಎಲೆಕ್ಟ್ರೊಲಿಟಿಕ್ ಎಲ್ಲ ಕಿತ್ತು ಪಾಲಿಪ್ರೊಪಿಲೀನ್ ಹಾಕಿದೆ. ಮೊದಲ ದಿನ ಇಬ್ಬರಿಗೂ ಸ್ವರ್ಗ. "ಎಷ್ಟು ಕ್ಲಿಯರ್ ಅಲ್ವಾ!" ಒಂದು ವಾರ ಕಳೆದ ಮೇಲೆ ಅವರು ಫೋನ್ ಮಾಡಿದರು. "ಮಾರಾಯ, ಒಂದು ಪ್ರಸಂಗ ಪೂರ್ತಿ ಕೇಳಲಿಕ್ಕೆ ಆಗುವುದಿಲ್ಲ. ಜಾಗಟೆ ಕಿವಿಗೆ ಚುಚ್ಚುತ್ತದೆ." ಹೋಗಿ ಕೂತು ಕೇಳಿದೆ. ಹೌದು, ಚುಚ್ಚುತ್ತಿತ್ತು. ಆಮೇಲೆ ಕಿತ್ತ ಕೆಪಾಸಿಟರುಗಳನ್ನು ಮೀಟರಿಗೆ ಹಿಡಿದಾಗ ಗೊತ್ತಾಯಿತು: ಅಳತೆ ಎರಡರದ್ದೂ ಒಂದೇ. ಆದರೆ ಹಳೆಯದಕ್ಕೆ ಸುಮಾರು ಅರ್ಧ ಓಮಿನ ಒಳತಡೆ ಇತ್ತು, ಹೊಸದಕ್ಕೆ ಹೆಚ್ಚುಕಮ್ಮಿ ಸೊನ್ನೆ. ಸ್ಪೀಕರ್ ಮಾಡಿದವರು ಆ ಅರ್ಧ ಓಮನ್ನೂ ಲೆಕ್ಕಕ್ಕೆ ಹಿಡಿದೇ ಟ್ವೀಟರಿನ ಸದ್ದನ್ನು ಹದ ಮಾಡಿದ್ದರು. ನಾನು ಅದನ್ನು ತೆಗೆದುಹಾಕಿ ಟ್ವೀಟರನ್ನು ಅರ್ಧ ಡೆಸಿಬೆಲಿನಷ್ಟು ಎತ್ತರಿಸಿಬಿಟ್ಟಿದ್ದೆ.

ಅರ್ಧ ಡೆಸಿಬೆಲ್ ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಮೇಲಿನ ಸ್ವರದ ಇಡೀ ಹರವು ಅಷ್ಟು ಎದ್ದರೆ ಗಂಟೆಗಟ್ಟಲೆ ಕೇಳುವವರಿಗೆ ಸುಸ್ತಾಗುತ್ತದೆ. ಸ್ಟುಡಿಯೋಗಳಲ್ಲಿ ಹೆಸರಾದ ಯಮಹಾ ಎನ್‌ಎಸ್-10 ಸ್ಪೀಕರ್ ಗೊತ್ತಿರಬಹುದು, 1978ರಲ್ಲಿ ಬಂದದ್ದು. ಅದರ ಟ್ವೀಟರ್ ಚುಚ್ಚುತ್ತದೆ ಅಂತ ದೊಡ್ಡ ದೊಡ್ಡ ರೆಕಾರ್ಡಿಂಗ್ ಎಂಜಿನಿಯರುಗಳೇ ಎದುರಿಗೆ ಟಿಶ್ಯೂ ಪೇಪರ್ ಅಂಟಿಸಿ ಕೆಲಸ ಮಾಡುತ್ತಿದ್ದರು. ನಾನು ಹತ್ತು ರೂಪಾಯಿಯ ಅರ್ಧ ಓಮ್ ಸಿಮೆಂಟ್ ರೆಸಿಸ್ಟರನ್ನು ಹೊಸ ಕೆಪಾಸಿಟರಿನ ಜೊತೆ ಸಾಲಿನಲ್ಲಿ ಬೆಸೆದೆ. ಸರಿಹೋಯಿತು. ಸಾವಿರಾರು ರೂಪಾಯಿ ಖರ್ಚು ಮಾಡಿ ಹೊರಟಲ್ಲಿಗೇ ಬಂದು ನಿಂತಿದ್ದೆವು.

ಮೊದಲ ದಿನದ ಆ ಸ್ವರ್ಗ ಎಲ್ಲಿಂದ ಬಂತು ಅಂತ ಕೇಳಿದರೆ, ಒಂದು ಪಾಲು ಆ ಅರ್ಧ ಡೆಸಿಬೆಲಿನಿಂದ. ಸ್ವಲ್ಪ ಹೊಳಪು ಜಾಸ್ತಿಯಾದರೆ ಮೊದಲಿಗೆ ಎಲ್ಲರಿಗೂ ಇಷ್ಟವೇ. ಇನ್ನೊಂದು ಪಾಲು ಕಣ್ಣಿನಿಂದ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಒಂದೇ ಸ್ಪೀಕರುಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆ, ಇನ್ನೊಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ಕೊಟ್ಟ ಅಂಕಕ್ಕೂ ಕಾಣದಾಗ ಕೊಟ್ಟ ಅಂಕಕ್ಕೂ ಹೊಂದಲೇ ಇಲ್ಲ. ಕೇಳಿ ಕೇಳಿ ಅಭ್ಯಾಸ ಇದ್ದವರೂ ಇದಕ್ಕೆ ಹೊರತಾಗಿರಲಿಲ್ಲ. 48 ಸಾವಿರ ಕೊಟ್ಟ ಮೇಲೆ ಚೆನ್ನಾಗಿ ಕೇಳದಿರಲು ಯಾರ ಕಿವಿಗೂ ಧೈರ್ಯ ಬರುವುದಿಲ್ಲ. ನನ್ನ ಕಿವಿಗೂ. ಅದಕ್ಕೇ ಈಗ ನಾನು ಬದಲಾವಣೆ ಮಾಡಿದರೆ ಒಂದು ಬದಿಗೆ ಮಾತ್ರ ಮಾಡುತ್ತೇನೆ, ಎರಡರ ಎದುರಿಗೂ ಪಂಚೆ ಇಳಿಬಿಟ್ಟು, ಯಾವುದು ಹೊಸದು ಅಂತ ಹೇಳದೆ ಮಾಲಕರನ್ನೇ ಕೂರಿಸಿ ಕೇಳಿಸುತ್ತೇನೆ.

ಟ್ವೀಟರ್ ಬದಲಿಸುವ ಮಾತಿಗೆ ನನ್ನ ಉತ್ತರ ಸೀದಾ: ಬೇಡ. ಹೊಸ ಟ್ವೀಟರ್ ಎಷ್ಟೇ ಒಳ್ಳೆಯದಿರಲಿ, ಅದರ ಓಮ್ ಬೇರೆ, ಜೋರು ಬೇರೆ, ಎಲ್ಲಿಂದ ಹಾಡಲು ಶುರುಮಾಡುತ್ತದೆ ಅನ್ನುವುದು ಬೇರೆ. ಹಳೆಯ ಬೋರ್ಡಿನ ಅಳತೆಗಳೆಲ್ಲ ಹಳೆಯ ಟ್ವೀಟರಿಗೆ ಹೊಲಿದ ಅಂಗಿ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಎಲ್‌ಎಸ್3/5ಎ ಎಂಬ ಸಣ್ಣ ಸ್ಪೀಕರ್ ಮಾಡಿದರು. ಕೆಇಎಫ್ ಕಂಪೆನಿಯ ವೂಫರ್, ಟ್ವೀಟರ್. ಟ್ವೀಟರಿನ ಸುತ್ತ ಫೆಲ್ಟ್ ಬಟ್ಟೆಯ ಪಟ್ಟಿ, ಮೇಲೆ ತೂತು ತೂತಿನ ಲೋಹದ ಮುಚ್ಚಳ. ನೋಡಿದರೆ ಮುಚ್ಚಳ ಬರೀ ರಕ್ಷಣೆಗೆ ಅನ್ನಿಸುತ್ತದೆ, ಆದರೆ ಅದರಿಂದ ಆಗುವ ವ್ಯತ್ಯಾಸವೂ ಲೆಕ್ಕದೊಳಗೇ ಸೇರಿತ್ತು. ಮುಂದೆ 1980ರ ದಶಕದ ಕೊನೆಗೆ ಅದರ ವೂಫರಿನಲ್ಲಿ ಬದಲಾವಣೆಯಾದಾಗ ಕ್ರಾಸ್‌ಓವರನ್ನೇ ಹೊಸದಾಗಿ ಮಾಡಬೇಕಾಯಿತು. 15 ಓಮಿನ ಸ್ಪೀಕರ್ 11 ಓಮಿನದ್ದಾಯಿತು. ಮಾಡಿದವರೇ ಅಷ್ಟು ಪಾಡುಪಟ್ಟಿರುವಾಗ, ಅಳತೆ ಮಾಡದೆ ಬೇರೆ ಟ್ವೀಟರ್ ಕೂರಿಸಿ ಚೆನ್ನಾಗಿ ಬರುತ್ತದೆ ಅನ್ನುವುದು ಲಾಟರಿ ಟಿಕೆಟು. ಟ್ವೀಟರ್ ನಿಜವಾಗಿ ಹೋಗಿದ್ದರೆ ಅದೇ ಮಾದರಿಯದ್ದನ್ನು ಕಂಪೆನಿಯಿಂದ ತರಿಸಿ, ಸಾಧ್ಯವಾದರೆ ಎರಡೂ ಬದಿಗೆ ಒಟ್ಟಿಗೆ ಹಾಕಿಸಿ.

ಇನ್ನು ಕೊಡಪಾನದ ಸ್ವರಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಅತೀ ಉಪಯೋಗಕ್ಕೆ ಬಂದದ್ದು ಕೋಣೆಯ ಅಳತೆ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಹಾಕಿಕೊಂಡು ಬೇಕಾದದ್ದಕ್ಕಿಂತ ಜೋರಾಗುತ್ತವೆ. ಯಾವ ಸ್ವರ ಅನ್ನುವುದು ಗೋಡೆಗಳ ಅಂತರದ ಮೇಲೆ ಹೋಗುತ್ತದೆ. 14 ಅಡಿಗೆ ಸುಮಾರು 40, 80, 120 ಹರ್ಟ್ಜ್. 11 ಅಡಿಗೆ 51, 102. ನೆಲದಿಂದ ತಾರಸಿಗೆ 10 ಅಡಿ ಅಂದರೆ 56, 112. ಈಗ 102, 112, 120 ಈ ಮೂರನ್ನು ನೋಡಿ. ಗಂಡಸಿನ ಮಾತಿನ ಸ್ವರದ ಬುಡ ಇರುವುದೇ ಹೆಚ್ಚುಕಮ್ಮಿ ಅಲ್ಲಿ. ಅರ್ಥಧಾರಿಗಳು ಗತ್ತಿನಿಂದ ಸ್ವರ ಇಳಿಸಿ "ಎಲವೋ" ಅಂದ ಕೂಡಲೇ ಕೋಣೆಯ ಮೂರು ದಿಕ್ಕೂ ಒಟ್ಟಿಗೆ ಗುಂಯ್ ಅನ್ನುತ್ತವೆ. ಇದಕ್ಕೆ ಕೆಪಾಸಿಟರ್ ಏನು ಮಾಡಲಿಕ್ಕಾಗುತ್ತದೆ? ಸ್ಪೀಕರ್ ಬದಲಿಸಿ ಐದು ಲಕ್ಷದ್ದು ತಂದರೂ ಗುಂಯ್ ಅಲ್ಲೇ ಇರುತ್ತದೆ.

ಅದರ ಮೇಲೆ ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ, ಕಾಂಕ್ರೀಟ್ ಮಾಡು. ಸದ್ದನ್ನು ಹೀರುವ ವಸ್ತು ಒಂದೂ ಇಲ್ಲ. ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಈ ತೊಂದರೆ ಕಮ್ಮಿ. ಮಾಡು ಇಳಿಜಾರು, ಹಂಚಿನ ಸಂದಿ, ಒಂದು ಬದಿ ತೆರೆದಿರುತ್ತದೆ. 1895ರಲ್ಲಿ ಹಾರ್ವರ್ಡಿನ ಒಂದು ಪಾಠದ ಹಾಲಿನಲ್ಲಿ ಮೇಷ್ಟರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅಷ್ಟು ಮಾರ್ದನಿ. ವ್ಯಾಲೇಸ್ ಸೆಬೈನ್ ಎಂಬ ಯುವ ಅಧ್ಯಾಪಕನಿಗೆ ಆ ಕೆಲಸ ಕೊಟ್ಟರು. ಅವನು ಹತ್ತಿರದ ನಾಟಕ ಮಂದಿರದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹರಡಿ, ಎಷ್ಟು ದಿಂಬಿಗೆ ಮಾರ್ದನಿ ಎಷ್ಟು ಇಳಿಯುತ್ತದೆ ಅಂತ ಅಳೆದು, ಬೆಳಗಾಗುವ ಮೊದಲು ವಾಪಸ್ ಇಡುತ್ತಿದ್ದ. ಇವತ್ತಿಗೂ ಹಾಲ್ ಕಟ್ಟುವವರು ಹಾಕುವ ಲೆಕ್ಕ ಅಲ್ಲಿಂದ ಬಂದದ್ದು.

ನೀವು ರಾತ್ರಿ ದಿಂಬು ಹೊರಬೇಕಾಗಿಲ್ಲ. ಹಗಲೇ, ಒಂದು ರೂಪಾಯಿ ಖರ್ಚಿಲ್ಲದೆ ಹೀಗೆ ಮಾಡಿ ನೋಡಿ. ಸ್ಪೀಕರನ್ನು ಹಿಂದಿನ ಗೋಡೆಯಿಂದ ಎರಡು, ಎರಡೂವರೆ ಅಡಿ ಮುಂದೆ ತನ್ನಿ. ಮೂಲೆಗೆ ಒತ್ತಿಟ್ಟಿದ್ದರೆ ಅಲ್ಲಿಂದಲೂ ಬಿಡಿಸಿ. ನೀವು ಕೂರುವ ಕುರ್ಚಿ ಹಿಂಬದಿ ಗೋಡೆಗೆ ತಾಗಿದೆಯಾ? ಬಹುಶಃ ತಾಗಿರುತ್ತದೆ, ನಮ್ಮಲ್ಲಿ ಎಲ್ಲರೂ ಹಾಗೆಯೇ ಇಡುವುದು. ಗುಂಯ್ ಅತಿ ಜೋರಾಗಿರುವುದು ಗೋಡೆಯ ಬುಡದಲ್ಲಿ. ಕುರ್ಚಿಯನ್ನೂ ಮೂರಡಿ ಮುಂದೆ ಎಳೆಯಿರಿ. ಒಂದೇ ತಾಳಮದ್ದಳೆಯ ಒಂದೇ ಮಾತನ್ನು ಹಾಕಿಟ್ಟು ಕುರ್ಚಿಯನ್ನು ಅರ್ಧರ್ಧ ಅಡಿ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಸ್ವರ ಕೊಡಪಾನದಿಂದ ಹೊರಗೆ ಬರುತ್ತದೆ. ಸುಣ್ಣದ ಕಡ್ಡಿಯಿಂದ ಅಲ್ಲಿ ಗುರುತು ಹಾಕಿ.

ಆಮೇಲೆ ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪ ಜಮಖಾನ. ಹಿಂದಿನ ಗೋಡೆಗೆ ಪುಸ್ತಕ ತುಂಬಿದ ತೆರೆದ ಕಪಾಟು. ತೆಳು ಚಾಪೆ, ಗೋಡೆಗೆ ಅಂಟಿಸುವ ಅರ್ಧ ಇಂಚಿನ ಫೋಮ್ ಇವು ಚಕ್ರತಾಳದಂಥ ಮೇಲಿನ ಸ್ವರವನ್ನಷ್ಟೇ ನುಂಗುತ್ತವೆ, ಗುಂಯ್‌ಗೆ ತಾಗುವುದೇ ಇಲ್ಲ. ಬರೀ ಅದನ್ನೇ ಹಾಕಿದರೆ ಕೋಣೆ ಇನ್ನೂ ಮಂಕಾಗುತ್ತದೆ. ತಗ್ಗಿನ ಸ್ವರ ಹೀರಲು ದಪ್ಪ ಬೇಕು. ಮಡಚಿಟ್ಟ ಹತ್ತಿ ಹಾಸಿಗೆಯೊಂದನ್ನು ಪರೀಕ್ಷೆಗೆ ಮೂಲೆಯಲ್ಲಿ ನಿಲ್ಲಿಸಿ ನೋಡಬಹುದು. ಮಳೆಗಾಲದಲ್ಲಿ ಅದಕ್ಕೂ ಬೂಸಲು ಬರುತ್ತದೆ ಅನ್ನುವುದು ಬೇರೆ ಮಾತು.

ಇಷ್ಟೆಲ್ಲ ಆದ ಮೇಲೂ ಕ್ರಾಸ್‌ಓವರಿಗೆ ಕೈ ಹಾಕುವ ಆಸೆ ಉಳಿದಿದ್ದರೆ ತಪ್ಪೇನೂ ಇಲ್ಲ. ಅದೊಂದು ಹವ್ಯಾಸ, ಖುಷಿ ಕೊಡುತ್ತದೆ. ಕಾರಣವೂ ಇದೆ: 2010ರ ಎಲೆಕ್ಟ್ರೊಲಿಟಿಕ್ ಇನ್ನು ಮುಂದೆ ಮುದಿಯಾಗುತ್ತಲೇ ಹೋಗುತ್ತದೆ. ಟ್ವೀಟರಿನ ದಾರಿಯ ಕೆಪಾಸಿಟರುಗಳ ಒಂದು ಕಾಲು ಬಿಡಿಸಿ, ಅಳತೆಯನ್ನೂ ಒಳತಡೆಯನ್ನೂ ತೋರಿಸುವ ಎಲ್‌ಸಿಆರ್ ಮೀಟರಿಗೆ ಹಿಡಿಸಿ. ಎಡ-ಬಲ ಹೊಂದುತ್ತಿದ್ದು, ಕೆಪಾಸಿಟರಿನ ಮೈಮೇಲೆ ಬರೆದ ಅಳತೆಗೂ ಹತ್ತಿರ ಇದ್ದರೆ ಮುಟ್ಟಬೇಡಿ. ಬದಲಿಸುವುದಾದರೆ ಅದೇ ಅಳತೆಯ ಸಾದಾ ಪಾಲಿಪ್ರೊಪಿಲೀನ್ ಸಾಕು. ಹಳೆಯದರ ಒಳತಡೆ ಎಷ್ಟಿತ್ತೋ ಆ ಲೆಕ್ಕಕ್ಕೆ ಒಂದು ಸಣ್ಣ ರೆಸಿಸ್ಟರ್ ಸಾಲಿನಲ್ಲಿ ಸೇರಿಸಬೇಕು. ತೀರಾ ಒಣಗಿ ಹೋದ ಕೆಪಾಸಿಟರಿನ ಒಳತಡೆಯನ್ನು ನಕಲು ಮಾಡಬಾರದು, ಅದು ರೋಗದ್ದು. ಅದೇ ಮಾದರಿಯ ಹೊಸದೊಂದನ್ನು ತಂದು ಅಳೆದು ನೋಡುವುದು ಕ್ಷೇಮ. ಹಾಗೆ ಮಾಡಿದರೆ ಎರಡೂ ಬದಿ ಸೇರಿ ಖರ್ಚು ನಾಲ್ಕಂಕಿ ದಾಟಬೇಕಾಗಿಲ್ಲ. ಮಂಡಾರ್ಫ್, ಯಾಂಟ್ಸನ್ ಇಂಥವರ ದುಬಾರಿ ಸಾಲಿನ ಕೆಪಾಸಿಟರುಗಳೂ ಒಳ್ಳೆಯ ಸಾಮಾನೇ, ಚೆನ್ನಾಗಿ ಮಾಡಿದ್ದೇ. ಆದರೆ ಹತ್ತು ಪಟ್ಟು ದುಡ್ಡಿಗೆ ಪಂಚೆಯ ಹಿಂದಿನಿಂದ ಹತ್ತನೇ ಒಂದು ಪಾಲು ವ್ಯತ್ಯಾಸವನ್ನೂ ನನಗೆ ಗುರುತಿಸಲು ಆಗಿಲ್ಲ. ಕಿತ್ತ ಪ್ರತಿಯೊಂದು ಭಾಗವನ್ನೂ ಹೆಸರು ಬರೆದು ಇಟ್ಟುಕೊಳ್ಳಿ. ಮುಂದೆ ಮಾರುವಾಗ ಕೈ ಹಾಕಿದ ಸ್ಪೀಕರಿಗೆ ಬೆಲೆ ಕಮ್ಮಿ.

ಬೆಂಗಳೂರಿನವರಲ್ಲಿ ಒಂದು ಪ್ರಶ್ನೆ ಕೇಳಿ. ಕೆಲಸಕ್ಕೆ ಮೊದಲು ಮತ್ತು ನಂತರ ಮೈಕಿನಿಂದ ಅಳೆದ ಗೆರೆಚಿತ್ರ ಕೊಡುತ್ತೀರಾ ಅಂತ. ರೂಮ್ ಈಕ್ಯೂ ವಿಝಾರ್ಡ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದಕ್ಕೆ ಬೇಕಾದ ಯುಎಸ್‌ಬಿ ಮೈಕು ಅವರು ಕೇಳಿದ ಮೊತ್ತದ ಎದುರು ದೊಡ್ಡದಲ್ಲ. "ಅಳತೆ ಬೇಡ, ಕಿವಿಯೇ ಸಾಕು" ಅಂದರೆ ನಾನಾದರೆ ಸ್ಪೀಕರ್ ಕೊಡುವುದಿಲ್ಲ.

ಮಳೆಗಾಲದ ಬಗ್ಗೆ ಎರಡು ಮಾತು. ನಿಮ್ಮ ಡಬ್ಬಿ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಆಗಿರುವ ಸಾಧ್ಯತೆ ಜಾಸ್ತಿ. ನೆಲ ಒರೆಸಿದ ನೀರು ಅದರ ಬುಡಕ್ಕೆ ತಾಗಿದರೆ ಹೀರಿಕೊಂಡು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಕೂರುವುದಿಲ್ಲ. ಕೆಳಗೆ ಗ್ರಾನೈಟಿನ ತುಂಡು ಇಡಿ. ದಿನಕ್ಕೆ ಒಂದು ಗಂಟೆಯಾದರೂ ಹಾಡು ಹಾಕಿ, ಬಳಸದೆ ಮುಚ್ಚಿಟ್ಟ ಕೋಣೆಯಲ್ಲೇ ಕಿಲುಬು ಬೇಗ ಬರುವುದು. ಹಿಂಬದಿಯ ಪೋರ್ಟಿಗೆ ಟಾರ್ಚ್ ಹಾಕಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಬಹಳ ಪ್ರೀತಿ. ಪೆರ್ಲದ ಕಡೆಯ ಒಂದು ಸ್ಪೀಕರಿನಿಂದ ನಾನು ಮುಷ್ಟಿಯಷ್ಟು ಮಣ್ಣು ತೆಗೆದಿದ್ದೇನೆ. ವೂಫರಿನ ಅಂಚಿನ ಸುತ್ತು ರಬ್ಬರಿನದ್ದಾದರೆ ಚಿಂತೆಯಿಲ್ಲ. ಫೋಮಿನದ್ದಾದರೆ ನಮ್ಮ ತೇವಕ್ಕೆ ಪುಡಿಪುಡಿಯಾಗುತ್ತದೆ, ಬೆರಳು ತಾಗಿಸಿ ನೋಡುವಾಗಲೂ ಜಾಗ್ರತೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಆಂಪ್ಲಿಫೈಯರಿನ ಪ್ಲಗ್ ಎಳೆದಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಮೊದಲು ಕ್ಲಿಪ್, ಆಮೇಲೆ ಕುರ್ಚಿ. ಈ ಎರಡಾದ ಮೇಲೂ ಎಡಬದಿ ಮಂಕಾಗಿಯೇ ಇದ್ದರೆ ಎರಡು ಟ್ವೀಟರಿನ ಓಮ್ ಎಷ್ಟೆಷ್ಟು ಬಂತು ಅಂತ ಬರೆಯಿರಿ. ಯಾರ ಹತ್ತಿರವಾದರೂ ರಿಪೇರಿಗೆ ಕೊಂಡುಹೋಗುವುದಾದರೆ ಡೋಮಿನ ಮೇಲಿನ ರಟ್ಟಿನ ಮುಚ್ಚಳ ತೆಗೆಯಬೇಡಿ, ಸ್ಪೀಕರನ್ನು ಬೆನ್ನಿನ ಮೇಲೆ ಮಲಗಿಸಿಯೇ ಸಾಗಿಸಿ. ಜೀಪಿನಲ್ಲಿ ಅಡಿಕೆ ಗೋಣಿಯ ಪಕ್ಕ ಇಟ್ಟು ತಂದು ಡೋಮ್ ಕುಳಿಬಿದ್ದ ಸ್ಪೀಕರ್ ಒಂದು ಈಗಲೂ ನನ್ನ ಮೇಜಿನ ಮೇಲಿದೆ.